ಮಚ್ಚು ಮಂಜ ಅಂತ ಹೆಸರಿಟ್ಟವಳು

ಮಂಜುನಾಥ, ನಿನ್ನನ್ನು ರೌಡಿ ಮಾಡಿದ್ದು ಪೊಲೀಸರಲ್ಲ — ನಾನು. ಸುಳ್ಳು ಹೇಳಿ ಮಾಡಲಿಲ್ಲ. ಹೇಳಿದ ಮಾತು ನಿಜವೇ. ಅದೇ ದೊಡ್ಡ ಮೋಸ.

ಮಾರೇನಹಳ್ಳಿಯ ನಮ್ಮ ರಸ್ತೆಯಲ್ಲಿ ಆಗ ಇಬ್ಬರು ಮಂಜ. ಒಬ್ಬ ಮನೆಮನೆಗೆ ಹಾಲು ಹಾಕುವವನು. ಇನ್ನೊಬ್ಬ ನೀನು, ನನ್ನ ಇಸ್ತ್ರಿ ಗಾಡಿಯ ಪಕ್ಕ ಎಳನೀರು ಕೊಚ್ಚಿ ಕೊಡುವವನು. ಕರೆದರೆ ಇಬ್ಬರೂ ತಿರುಗುತ್ತಿದ್ದಿರಿ. ಅದಕ್ಕೇ ಹಾಲು ಮಂಜ, ಮಚ್ಚು ಮಂಜ ಅಂತ ಮಾಡಿದೆ. 'ಈ ಹೆಸರಿಗೆ ಯಾರಕ್ಕ ಹೆಣ್ಣು ಕೊಡ್ತಾರೆ' ಅಂತ ನೀನೂ ನಕ್ಕಿದ್ದೆ.

ನನ್ನ ತಮ್ಮ ಲೋಕೇಶ ಆಗ ಗುಂಪು ಕಟ್ಟಿಕೊಂಡು ಅಂಗಡಿಗಳಲ್ಲಿ ಮಾಮೂಲು ವಸೂಲಿ ಮಾಡುತ್ತಿದ್ದ. ಯಾವ ಅಂಗಡಿ ಯಾರಿಗೆ ಅನ್ನುವ ಜಗಳದಲ್ಲಿ ದೀಪಾಂಜಲಿ ನಗರದ ಗುಂಪಿನ ಒಬ್ಬನನ್ನು ಕಡಿದು ಹಾಕಿದ. ನನಗೆ ಗೊತ್ತಿತ್ತು. ಅವನ ಅಂಗಿ ಒಗೆದವಳು ನಾನೇ — ಕಲೆ ಹೋಗಲಿಲ್ಲ, ಒಲೆಗೆ ಹಾಕಿದೆ.

ಮಾರನೇ ದಿನ ಸಬ್‌ಇನ್‌ಸ್ಪೆಕ್ಟರು ಗಾಡಿಯ ಹತ್ತಿರ ಬಂದರು.

'ಏನಮ್ಮ, ಈ ಏರಿಯಾದಲ್ಲಿ ಮಚ್ಚು ಹಿಡ್ಕೊಂಡು ಓಡಾಡೋನು ಯಾವನು?'

'ಮಚ್ಚು ಮಂಜ ಅಂತ ಒಬ್ಬ ಇದಾನೆ ಸಾರ್.'

ಎಳನೀರು ಮಾರುತ್ತಾನೆ ಅಂತ ಸೇರಿಸುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಸೇರಿಸಲಿಲ್ಲ. ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬುತ್ತಾ ನಿಂತೆ. ನೀನು ಎಳನೀರಿನ ಲೋಡು ತರಲು ಮದ್ದೂರಿಗೆ ಹೋಗಿದ್ದೆ. ಅವರ ಲೆಕ್ಕದಲ್ಲಿ ತಲೆ ಮರೆಸಿಕೊಂಡವನಾದೆ. ಬಂದ ಕೂಡಲೇ ಎಳೆದುಕೊಂಡು ಹೋದರು.

ಕೋರ್ಟು ಬಿಟ್ಟಿತು, ರೌಡಿ ಶೀಟು ಬಿಡಲಿಲ್ಲ. ಗಣೇಶನ ಹಬ್ಬ, ಎಲೆಕ್ಷನ್ನು, ಏನು ಬಂದರೂ ಸ್ಟೇಷನ್ನಿಗೆ ಕರೆಸುತ್ತಾರೆ. ತಲೆ ನರೆತ ಮೇಲೂ ನೀನು ನಿಜವಾದ ರೌಡಿಗಳ ಸಾಲಿನಲ್ಲಿ ಕೈಕಟ್ಟಿ ನಿಲ್ಲುತ್ತೀಯ. ಲೋಕೇಶ ಅದೇ ಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದು ನಿಲ್ಲುತ್ತಾನೆ. ಅವನು ಹಾಕಿಸಿಕೊಟ್ಟ ತಾರಸಿಯ ಕೆಳಗೇ ನಾನು ಮಲಗುವುದು. ತಮ್ಮನ ಮೇಲಿನ ಪ್ರೀತಿ, ಹೆದರಿಕೆ — ಆ ಕತೆಯೆಲ್ಲ ನಿನಗೆ ಹೇಳುವುದಿಲ್ಲ.

ಹೋದ ವಾರ ನಿನ್ನ ಮಗಳನ್ನು ನೋಡಿಹೋದ ಗಂಡಿನ ಕಡೆಯವರು ನನ್ನನ್ನು ವಿಚಾರಿಸಿದರು, ಹುಡುಗಿಯ ಅಪ್ಪ ರೌಡಿಯಂತೆ, ನಿಜವಾ ಅಂತ. ಅಲ್ಲ, ಕಡಿದವನು ನನ್ನ ತಮ್ಮ ಅಂದೆ. ಮುದುಕಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿ ಹೋದರು. ನಂಬಿದರೋ ಇಲ್ಲವೋ — ಈ ಸಂಬಂಧವೂ ತಪ್ಪಿದರೆ ಅದೂ ನನ್ನ ತಲೆಗೇ. ಸಂಜೆಯೊಳಗೆ ಸುದ್ದಿ ಲೋಕೇಶನಿಗೆ ಮುಟ್ಟಿತ್ತು. ಕಾರು ನಿಲ್ಲಿಸಿ ಒಳಗೆ ಬಂದ.

'ವಯಸ್ಸಾಯ್ತಲ್ಲಕ್ಕ, ಬಾಯಿ ಮುಚ್ಕೊಂಡಿರು.'

'ಅವತ್ತೇ ಮುಚ್ಕೊಂಡಿರಬೇಕಿತ್ತು ಕಣೋ.'

ಅವನ ಹುಡುಗರು ಆಗಿನಿಂದ ಬಾಗಿಲಲ್ಲಿ ಕೂತಿದ್ದಾರೆ. ಕೂರಲಿ. ಈ ಮೂಳೆಗಳನ್ನು ಮುರಿದು ಅವರಿಗೇನು ಸಿಗುತ್ತದೆ?

ನಾಳೆ ಸ್ಟೇಷನ್ನಿಗೆ ಹೋಗುತ್ತೇನೆ. ನೀನು ಜೊತೆಗೆ ಬರಬೇಡ, ಹೇಳಿಕೊಟ್ಟು ಕರೆತಂದ ಅನ್ನುತ್ತಾರೆ. ನನ್ನನ್ನೇ ಒಳಗೆ ಹಾಕಿದರೆ ಹಾಕಲಿ. ಕ್ಷಮಿಸು ಅಂತ ಕೇಳುವುದಿಲ್ಲ, ನೀನು ಕ್ಷಮಿಸಲೂ ಬೇಡ. ಮಚ್ಚು ಯಾರ ಕೈಯಲ್ಲಿತ್ತು ಅಂತ ಅವರು ಬರೆದುಕೊಳ್ಳುವವರೆಗೆ ಅಲ್ಲಿಂದ ಏಳುವುದಿಲ್ಲ.