ಮಾಳಿಗೆಯ ಮೇಲಿನ ಹೊಲ

ಸುಶೀಲಾ ಸಿಸ್ಟರ್ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುತ್ತಿದ್ದದ್ದು ಕುಂಡಗಳನ್ನು. ಕಟ್ಟೆಯ ಮೇಲೆ ಗುಲಾಬಿಯೋ ಮಲ್ಲಿಗೆಯೋ ಕಂಡರೆ ಸಾಕು, ಅದರ ಬುಡದ ಮಣ್ಣಿಗೆ ತೋರುಬೆರಳನ್ನು ಎರಡು ಗೆಣ್ಣು ಇಳಿಸುವರು. ಬೆರಳಿಗೆ ಹಸಿ ಹತ್ತಿದರೆ, "ಇವತ್ತ ನೀರ ಹಾಕಬ್ಯಾಡ್ರಿ, ಹೊಟ್ಟಿ ತುಂಬೈತಿ" ಎನ್ನುವರು. ಆಮೇಲೆ ಅದೇ ಬೆರಳನ್ನು ಸೆರಗಿಗೆ ಒರೆಸಿಕೊಂಡು ಚಹಾದ ಕಪ್ಪಿಗೆ ಕೈ ಚಾಚುವರು. ನಮ್ಮತ್ತೆಗೆ ಇದನ್ನು ಕಂಡರೆ ಮೈಯೆಲ್ಲ ಉರಿ.

ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವರು ಅವರು. ಸರಕಾರಿ ದವಾಖಾನೆಯ ನರ್ಸ್. ಗಂಡ ಮಿಲಿಟರಿಯಲ್ಲಿ. ಕಿತ್ತೂರು, ಸವದತ್ತಿ ಮುಗಿಸಿ ನಮ್ಮೂರಿಗೆ ವರ್ಗವಾಗಿ ಬಂದ ದಿನ ಟೆಂಪೊದಿಂದ ಇಳಿದದ್ದು ಒಂದು ಟ್ರಂಕು, ಒಂದು ಸ್ಟೋವು. ಉಳಿದದ್ದೆಲ್ಲ ಮಣ್ಣು ತುಂಬಿದ ಎಣ್ಣೆ ಡಬ್ಬಿಗಳು. ಅವೆಲ್ಲ ಮಾಳಿಗೆ ಏರುವುದನ್ನು ನೋಡಿದ ಅತ್ತೆ, ನರ್ಸಬಾಯಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನನ್ನನ್ನು ಕೇಳಿದ್ದರು.

ಸಿಸ್ಟರಿಗೆ ಒಂದೇ ಒಂದು ಆಸೆಯಿತ್ತು. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲದ ಒಡೆಯರು ಅಡುಗೆ ಒಯ್ದು, ಹೊಲದ ನಾಲ್ಕೂ ಮೂಲೆಗೆ ಎರಚಿ ಭೂಮಿತಾಯಿಗೆ ಉಣಿಸುತ್ತಾರೆ. ಅದೇ ಚರಗ. "ನಮ್ಮಪ್ಪ ಚಚಡಿ ಊರಾಗ ಮಂದಿ ಹೊಲದಾಗ ದುಡದಾಂವ. ಅವರು ಚರಗಾ ಚೆಲ್ಲೂದು, ನಾವು ಬದುವಿನ ಮ್ಯಾಲ ನಿಂತ ನೋಡೂದು. ನಂದಂತ ಒಂದ ಹೊಲಕ್ಕ ಒಮ್ಮಿ ಚೆಲ್ಲಬೇಕ್ರಿ ವೈನಿ" ಎಂದು ಡಬ್ಬಿಗಳ ನಡುವೆ ಕುಳಿತು ನನಗೆ ಹೇಳಿದ್ದರು. ಅದು ಅತ್ತೆಯ ಕಿವಿಗೂ ಬಿತ್ತು. ಹೊಲಾ ಇಲ್ಲದಾಕಿ ಚರಗಾ ಎಲ್ಲಿ ಚೆಲ್ತಾಳ ಎಂದು ಅವರು ನಕ್ಕರು.

ನಾನಾದರೋ ಸಂಪಗಾಂವದಲ್ಲಿ ಹೊಲಮನೆ ಇದ್ದವರ ಸೊಸೆ. ಸಿಸ್ಟರ ಡಬ್ಬಿಯಲ್ಲಿ ಜೋತ ಟೊಮೆಟೊ ಕಂಡು ನನಗೂ ಹುರುಪು ಹತ್ತಿತು. ನಮ್ಮ ಕರಿ ಎರೆಮಣ್ಣೆಂದರೆ ಬಂಗಾರ, ಅದರಲ್ಲಿ ಬಾರದ್ದೇನಿದೆ? ಹೊಲದಿಂದ ಚೀಲಗಟ್ಟಲೆ ತರಿಸಿ, ಡಬ್ಬಿಗೆ ಒತ್ತಿ ತುಂಬಿ, ಗುಲಾಬಿ ಹಚ್ಚಿ, ಮುಂಜಾನೆ ಸಂಜೆ ತಂಬಿಗೆಗಟ್ಟಲೆ ನೀರು ಹೊಯ್ದೆ. ಎಲೆ ಹಳದಿಯಾಯಿತು, ಕಾಂಡ ಕಪ್ಪಾಯಿತು. ಸಿಸ್ಟರ್ ಬಂದು ಡಬ್ಬಿ ಬೋರಲು ಹಾಕಿದರೆ ಮಣ್ಣು ದೊಡ್ಡ ಇಟ್ಟಂಗಿಯಂತೆ ದಬ್ಬನೆ ಬಿತ್ತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೊಲದಾಗ ಎರಿ ರಾಣಿ ಖರೆ ವೈನಿ, ಆದ್ರ ಡಬ್ಬ್ಯಾಗ ಒಬ್ಬಾಕಿನ ಕುಂತ್ರ ಉಸರಗಟ್ಟತಾಳ. ಜೋಡಿ ಬೇಕ್ರಿ."

ಜೋಡಿಯನ್ನು ಅವರೇ ಕಲಸಿದರು. ಒಂದು ಪಾಲು ನಮ್ಮ ಎರೆ, ಒಂದು ಪಾಲು ಅವರು ಕಿತ್ತೂರಿನಿಂದ ಹೊತ್ತು ತಂದಿದ್ದ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ, ಮೇಲೆ ಬೊಗಸೆ ಸವದತ್ತಿಯ ಹೊಳೆಮರಳು. ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ತೂತಿನ ಮೇಲೆ ಹಂಚಿನ ಚೂರು. ಗುಲಾಬಿ ಆಮೇಲೆ ನೋಡೋಣ, ಮೊದಲು ಮೆಂತೆ ಹಾಕಿರಿ, ಮೆಂತೆ ಲಗು ಹುಟ್ಟಿ ಹಚ್ಚಿದವರಿಗೆ ಧೈರ್ಯ ಕೊಡುತ್ತದೆ ಎಂದರು. ನಿಜಕ್ಕೂ, ವಾರದೊಳಗೆ ಮಣ್ಣು ಎತ್ತಿಕೊಂಡು ಹಸಿರು ಇಣುಕಿದಾಗ ನಾನು ಮನೆಮಂದಿಯನ್ನೆಲ್ಲ ಕೂಗಿ ಕರೆದೆ. ನಮ್ಮ ಹೊಲದಲ್ಲಿ ರಾಶಿ ರಾಶಿ ಬೆಳೆದದ್ದು ಕಂಡವಳಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಮೂಗು ಮುರಿದ ಅತ್ತೆಯೂ ಮುಂದೆ ಆ ಎಳೆ ಮೆಂತೆಯನ್ನು ರೊಟ್ಟಿಯ ಜೊತೆ ಹಸಿಯಾಗಿಯೇ ತಿಂದು, ಇನ್ನೊಂದಿಷ್ಟು ಕಿತ್ತು ತಾ ಎಂದರು.

ಸಿಸ್ಟರ ಹಿಕಮತ್ತುಗಳು ಒಂದೆರಡಲ್ಲ. ನೆಂಟರ ಮದುವೆಗೆಂದು ಊರಿಗೆ ಹೋಗುವಾಗ ತೊಳೆದ ಸಲಾಯಿನ್ ಬಾಟಲಿಗೆ ನೀರು ತುಂಬಿ, ಕಟ್ಟಿಗೆಗೆ ತೂಗುಹಾಕಿ, ನಳಿಗೆಯನ್ನು ಬದನೆಯ ಬುಡಕ್ಕೆ ಬಿಡುತ್ತಿದ್ದರು. ಮಾಳಿಗೆ ಹತ್ತಿದವರಿಗೆ ದವಾಖಾನೆಯ ವಾರ್ಡೇ ಕಂಡಂತಾಗುತ್ತಿತ್ತು.

ಆ ವರ್ಷದ ಎಳ್ಳಮಾವಾಸ್ಯೆಗೆ ನಾವೆಲ್ಲ ಹೊಲಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆವು. ಸಿಸ್ಟರ್ ಇಳಕಲ್ ಸೀರೆ ಉಟ್ಟು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ತಮ್ಮ ಡಬ್ಬಿಯದೇ ಬದನೆಕಾಯಿ ಪಲ್ಯ ಬುಟ್ಟಿಯಲ್ಲಿಟ್ಟುಕೊಂಡು, ಡಬ್ಬಿಗಳಿಗೆ ಚರಗ ಚೆಲ್ಲುತ್ತೇನೆ, ಹಿಂದೆ ನೀರು ಚಿಮುಕಿಸಲು ಬರುತ್ತೀರಾ ಎಂದು ಮೆಲ್ಲಗೆ ನನ್ನನ್ನು ಕೇಳಿದರು. ನಾನು ತಂಬಿಗೆ ಹಿಡಿದು ಮಾಳಿಗೆ ಹತ್ತಿದೆ. ಅವರು ಮೊದಲ ತುತ್ತು ಎತ್ತಿದ್ದರಷ್ಟೆ, ಮೆಟ್ಟಿಲ ಬಾಗಿಲಲ್ಲಿ ಅತ್ತೆ! ಸಿಸ್ಟರ ಕೈ ಅಲ್ಲೇ ನಿಂತಿತು.

"ಚರಗಾ ಹಂಗ ಚೆಲ್ಲೂದಲ್ಲ. ಮೂಡಲ ಮೂಲಿಯಿಂದ ಸುರು ಮಾಡು" ಎಂದರು ಅತ್ತೆ. ನನ್ನ ಕೈಯಿಂದ ತಂಬಿಗೆ ಕಸಿದುಕೊಂಡು ತಾವೇ ಹಿಂದೆ ನಡೆದರು. ಸಿಸ್ಟರ್ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಡಬ್ಬಿಗಳ ಸುತ್ತ ಚೆಲ್ಲಿದರು. ಗುಬ್ಬಿಗಳು ಇಳಿದವು. ನಾವು ಹೊಲ ಮುಟ್ಟುವುದು ತಡವಾಗಿ ಮಾವನಿಂದ ಬೈಸಿಕೊಂಡೆವು. ಅಷ್ಟಾದರೂ ಅತ್ತೆ ಅವನ್ನು ಡಬ್ಬಿ ಎನ್ನುತ್ತಿದ್ದರೇ ಹೊರತು ಒಮ್ಮೆಯೂ ಹೊಲ ಎನ್ನಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರಿಗೆ ರಾಮದುರ್ಗಕ್ಕೆ ವರ್ಗವಾಯಿತು. ಮತ್ತೆ ಭೇಟಿಯಾಗಲಿಲ್ಲ, ನೆನಪಾದಾಗ ಮಾಳಿಗೆ ಹತ್ತಿ ಕುಂಡದಲ್ಲಿ ಬೆರಳಿಡುತ್ತೇನೆ. ಹೊರಟ ದಿನ ಟೆಂಪೊದವನು ಭಾರ ನೋಡಿ ಗೊಣಗಿದ. ಮಣ್ಣು ಇಲ್ಲೇ ಸುರುವಿಬಿಡ್ರಿ, ರಾಮದುರ್ಗದಾಗೂ ಸಿಗತೈತಿ ಎಂದ.

"ಮನಿ ಬಾಡಿಗಿದು ತಮ್ಮಾ, ಹೊಲಾ ನಂದು. ಹೆಂಗ ಬಿಟ್ಟ ಹೋಗಲಿ?" ಎಂದರು ಸಿಸ್ಟರ್.

ಟೆಂಪೊ ಶುರುವಾಯಿತು. ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಎದ್ದು ಬಂದು ಅದರ ಬಾಗಿಲು ತಟ್ಟಿದರು.

"ಸಾವಕಾಶ ಹೊಡಿಯಪಾ. ಹಿಂದ ಹೊಲಾ ಐತಿ."