ಅಕ್ಕನ ಹೂಂ

ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ನೆಟ್‌ವರ್ಕಿಂಗ್ ಕಲಿಯಲು ಕೂತಾಗ ನನಗೆ ನಲವತ್ತು ದಾಟಿತ್ತು. ನಾನು ಕೆಲಸ ಮಾಡುವ ಕಾಲೇಜಿನವರು ಲ್ಯಾಬಿನ ಉಸ್ತುವಾರಿಯನ್ನೂ ನನ್ನ ತಲೆಗೇ ಕಟ್ಟಿದ್ದರು. ಐಪಿ ವಿಳಾಸ, ರೌಟರು, ಪೋರ್ಟು ಎಂದು ಮೊದಲ ವಾರವೆಲ್ಲ ತಲೆ ಗಿರ್ರೆಂದಿತು. ಮಾಹಿತಿ ಕಳಿಸುವ ಟಿಸಿಪಿ ಎಂಬ ಪದ್ಧತಿ ಮಾತ್ರ ಥಟ್ಟನೆ ಹತ್ತಿತು. ಕಳಿಸುವುದನ್ನು ಚೂರುಚೂರು ಮಾಡಿ ಕಳಿಸಬೇಕು. ಆ ಕಡೆಯಿಂದ ‘ಬಂತು’ ಎಂದು ಉತ್ತರ ಬರಬೇಕು. ಬಾರದಿದ್ದರೆ ಅದನ್ನೇ ಮತ್ತೆ ಕಳಿಸಬೇಕು. ಇದಕ್ಕೆ ಕ್ಲಾಸು ಬೇರೆ ಬೇಕಿತ್ತೇ ಅನ್ನಿಸಿತು. ಚಿಕ್ಕಂದಿನಲ್ಲಿ ಅಕ್ಕ ಕತೆ ಹೇಳುವಾಗ ಪ್ರತಿ ಮಾತಿಗೂ ನಾನು ಹೂಂ ಅನ್ನಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ನಾನು ಎಲ್ಲಿ ತೂಕಡಿಸಿದ್ದೆನೋ ಅಲ್ಲಿಂದ ಮತ್ತೆ ಶುರು.

ಈಗ ಹೂಂ ಅನ್ನುವ ಸರದಿ ಅಕ್ಕನದು. ಅವಳ ಮನೆ ಉಮ್ಮಚಗಿಯಲ್ಲಿ. ನಾನು ಶಿರಸಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಕ್ಲಾಸಿನಿಂದ ಬಂದವಳೇ ಅವಳಿಗೆ ನೆಟ್ ಕರೆ ಹಚ್ಚಿ ದಿನದ ಸಂಕಟವನ್ನೆಲ್ಲ ಒದರುತ್ತಿದ್ದೆ. ಆ ಕಡೆಯಿಂದ ಹೂಂ ಕೇಳಿದರೆ ಎದೆ ಹಗುರಾಗುತ್ತಿತ್ತು. ಇಂಥ ಕರೆಗಳು ಹೆಚ್ಚಾಗಿ ಯುಡಿಪಿ ಎಂಬ ಇನ್ನೊಂದು ಪದ್ಧತಿಯಲ್ಲಿ ಓಡುತ್ತವೆ, ಅಲ್ಲಿ ದಾರಿಯಲ್ಲಿ ಬಿದ್ದುಹೋದ ಚೂರನ್ನು ಮತ್ತೆ ಕಳಿಸುವುದಿಲ್ಲ ಎಂದು ಕ್ಲಾಸಿನ ಮೇಡಂ ಪಾಠ ಮಾಡಿದ ದಿನ ಅಳುಕಾಯಿತು. ನಾನು ಹೇಳಿಕೊಂಡದ್ದರಲ್ಲಿ ಅಕ್ಕನಿಗೆ ಎಷ್ಟು ತಲುಪಿದೆಯೋ ಎಂಬ ಚಿಂತೆ ಹತ್ತಿತು.

ಭಾನುವಾರ ಅಕ್ಕನ ಮನೆಯ ವೈಫೈಗೆಂದು ಹೊಸ ರೌಟರು ಹಿಡಿದು ಉಮ್ಮಚಗಿಗೆ ಹೋದೆ. ಬದಲಿಸುವ ಮೊದಲು ಹಳೆಯದರ ಯೋಗ್ಯತೆ ನೋಡೋಣವೆಂದು, ಅಂಗಳದಲ್ಲಿ ನಿಂತು ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಕರೆ ಮಾಡಿದೆ. ಹೂಂ ಅಂದಳು. ಮಾತಾಡುತ್ತಲೇ ಒಳಗೆ ನಡೆದೆ. ಅಡುಗೆಮನೆ ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಫೋನಿನಲ್ಲಿ ಕರೆ ತುಂಡಾಗಿತ್ತು. ಅಕ್ಕ ಗ್ಯಾಸ್ ಒಲೆಯ ಮುಂದೆ ಫೋನನ್ನು ಕಿವಿಗೊತ್ತಿಕೊಂಡು ಇನ್ನೂ ಹೂಂ, ಹೂಂ ಅನ್ನುತ್ತಿದ್ದಳು.

ನನಗೆ ಸಿಟ್ಟೇ ಬಂತು. ಎಷ್ಟು ದಿನದಿಂದ ಹೀಗೆ, ಇಷ್ಟು ದಿನ ನಾನು ಗೋಡೆಗೆ ಹೇಳಿಕೊಂಡಂತಾಯಿತಲ್ಲ ಎಂದು ರೇಗಿದೆ.

“ಅರ್ಧಕ್ಕರ್ಧ ಎಂತೂ ಕೇಳ್ತಿಲ್ಲೆ,” ಅಂದಳು. “ಹೂಂ ಹೇಳದಿದ್ರೆ ನೀನು ಫೋನ್ ಇಟ್ಟುಬಿಟ್ರೆ ಹೇಳಿ ಹೆದ್ರಿಕೆ.”

ರೌಟರಿನ ಡಬ್ಬಿಯನ್ನು ಪಕ್ಕಕ್ಕಿಟ್ಟು ಮಣೆಯ ಮೇಲೆ ಕೂತೆ. ಸಿಟ್ಟು ಎಲ್ಲಿಗೆ ಹೋಯಿತೋ, ಅಳು ಬಂತು. ಅಕ್ಕ ಒಲೆ ಆರಿಸಿ, ದಿನಾ ಅಷ್ಟೊಂದು ಏನು ಹೇಳುತ್ತಿದ್ದೆ ಎಂದು ಕೇಳಿದಳು. ಲ್ಯಾಬು, ಕ್ಲಾಸು, ನೆಟ್ಟಗೆ ಹೊಂದದ ಕೇಬಲ್ಲು, ಎಲ್ಲ ನಾಲಿಗೆಯ ತುದಿಯಲ್ಲಿತ್ತು.

“ನೀ ಹತ್ರ ಇಲ್ದೆ ಬೇಜಾರು, ಅಷ್ಟೇಯ,” ಅಂದೆ.

“ಅದು ಕೇಳ್ತಿತ್ತು ಕೂಸೆ,” ಅಂದಳು ಅಕ್ಕ.