ಇಪ್ಪೆಮರದ ಬಾವಿಯ ಪಾಲುಪತ್ರ

ಅರವತ್ತರ ದಶಕದ ನಡುವೆ ನಾನು ಚಿನ್ನಮನೂರಿನಲ್ಲಿ ಪತ್ರ ಬರಹಗಾರ. ಜಮೀನಿನ ಕ್ರಯಪತ್ರ, ಪಾಲುಪತ್ರ ಬರೆದುಕೊಡುವ ಕೆಲಸ. ನನಗಿಂತ ಮೊದಲಿದ್ದ ಬರಹಗಾರರ ನಕಲು ಕಟ್ಟುಗಳನ್ನು ಅವರ ಮಗ ಕಡಲೆಕಾಯಿ ಅಂಗಡಿಗೆ ತೂಕಕ್ಕೆ ಹಾಕಲು ಹೊರಟಾಗ ಚೌಕಾಸಿ ಮಾಡಿ ನಾನೇ ಕೊಂಡಿದ್ದೆ. ಹಳೆ ಕಾಗದ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ.

ಒಂದು ಬೇಸಗೆಯಲ್ಲಿ ಕಾಮಯಗೌಂಡನ್‌ಪಟ್ಟಿಯ ರಂಗಮ್ಮ ಬಂದರು. ಅವರ ದ್ರಾಕ್ಷಿತೋಟ ಒಣಗುತ್ತಿತ್ತು. ದೊಡ್ಡಪ್ಪನ ಮಗ ತಿಮ್ಮಯ್ಯ ಕೂಡುಬಾವಿಗೆ ಕರೆಂಟ್ ಮೋಟರ್ ಇಳಿಸಿ, ನಿನಗೆ ಪಾಲೇ ಇಲ್ಲ ಎಂದಿದ್ದನಂತೆ.

“ಪಾಲುಪತ್ರ ಓದಿದಾಗ ನಾ ಅಪ್ಪನ ಪಕ್ಕದಾಗೇ ಕುಂತಿದ್ದೆ ಅಣ್ಣಾ. ಇಪ್ಪೆಮರದ ಬಾವಿಲಿ ಎರಡ್ ಮನೆಗೂ ಸರದಿ ಅಂತ ಓದಿದ್ರು. ವರ್ಸ ಮಾತ್ರ ಕೇಳ್ಬೇಡಿ, ನೆಪ್ಪಿಲ್ಲ.”

ಅದರ ನಕಲು ನಾನು ಕೊಂಡ ಹಳೆ ಕಟ್ಟುಗಳಲ್ಲೇ ಇರಬೇಕು. ಹೆಸರು ಹಿಡಿದು ಹುಡುಕೋಣವೆಂದರೆ ನಮ್ಮವರಲ್ಲಿ ಮೊಮ್ಮಗನಿಗೆ ತಾತನ ಹೆಸರೇ, ಕಟ್ಟಿಗೊಬ್ಬ ತಿಮ್ಮಯ್ಯ. ಒಂದೊಂದೇ ಪತ್ರ ಓದುತ್ತ ಕೂತರೆ ಬಳ್ಳಿ ಉಳಿಯದು. ‘ಬಾವಿ’ ಎಂಬ ಮಾತು ಎಲ್ಲ ಪತ್ರದಲ್ಲೂ ಇರುತ್ತದೆ, ಅದನ್ನು ಹುಡುಕಿ ಫಲವಿಲ್ಲ. ಅಪರೂಪದ ಮಾತನ್ನೇ ಹಿಡಿಯಬೇಕು. ಇಲ್ಲಿ ಅದು ಇಪ್ಪೆಮರ. ಅದು ಬರುವುದು ಷೆಡ್ಯೂಲ್‌ನಲ್ಲಿ, ಅಂದರೆ ಕೊನೆಯ ಹಾಳೆಯ ಆಸ್ತಿ ವಿವರದಲ್ಲಿ. ಕ್ರಯಪತ್ರಗಳನ್ನು ಬದಿಗೆ ಸರಿಸಿ, ಪಾಲುಪತ್ರಗಳ ಕೊನೆ ಹಾಳೆಯ ಮೇಲೆ ಮಾತ್ರ ಕಣ್ಣಾಡಿಸಿದೆ. ಮಧ್ಯಾಹ್ನದೊಳಗೆ ಸಿಕ್ಕಿತು.

ಅದನ್ನು ಹಿಡಿದು ರಂಗಮ್ಮನ ಜೊತೆ ಬಾವಿಯ ಬಳಿಗೇ ಹೋದೆ. ತಿಮ್ಮಯ್ಯನ ಮುಂದೆ ಓದಿದೆ: ‘ಎರಡೂ ಮನೆಯವರು ದಿನ ಬಿಟ್ಟು ದಿನ ಕಪಿಲೆ ಹೂಡಿ ನೀರು ಎತ್ತತಕ್ಕದ್ದು.’ ಕಪಿಲೆ ಎಂದರೆ ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ನೀರೆತ್ತುವುದು.

ತಿಮ್ಮಯ್ಯ ನಕ್ಕ. “ಸರಿ ಮಾಮಾ, ಇನ್ ನಾ ಯಾಕ್ ತಡೀಲಿ? ಬರೆದ ಹಂಗೇ ಕಪಿಲೆ ಹೂಡ್ಕಳ್ಳಲಿ. ಮೋಟರ್ ನಂದು.”

ಬಾವಿಗೆ ಬಗ್ಗಿ ನೋಡಿದೆ. ಮೋಟರಿನ ಪೈಪಿಗೆಂದು ಬಂಡೆಯಲ್ಲಿ ಕೊರೆದ ಗುಂಡಿಯಲ್ಲಷ್ಟೇ ನೀರಿತ್ತು. ಆ ಗುಂಡಿಯೊಳಗೆ ತೊಗಲಿನ ಚೀಲ ಇಳಿಯುವಂತೆಯೇ ಇರಲಿಲ್ಲ. ರಂಗಮ್ಮ ಕರೆಂಟ್ ಬಿಲ್ಲಿನಲ್ಲಿ ಅರ್ಧ ಕೊಡಲಿ ಎಂದೆ, ಬೆಳೆಯಲ್ಲಿ ಪಾಲು ಕೊಡಲಿ ಎಂದೆ. ಅವನು ಒಪ್ಪದೆ ಟವಲ್ ಕೊಡವಿ ಎದ್ದ. ವಕೀಲರನ್ನು ಕೇಳಿದರೆ, ಕೇಸು ಹಾಕಬಹುದು, ವರ್ಷಗಳೇ ಹಿಡಿಯುತ್ತವೆ ಎಂದರು.

“ನೀವ್ ಹುಡುಕಿದ್ದು ಸರಿಯಾಗೇ ಐತೆ ಅಣ್ಣಾ,” ಎಂದರು ರಂಗಮ್ಮ. “ಬಳ್ಳಿ ಕೋರ್ಟಿಗೆ ಕಾಯಾಕಿಲ್ಲ.”

ಆ ವಾರವೇ ಪಂದಲಿನ, ಅಂದರೆ ದ್ರಾಕ್ಷಿ ಚಪ್ಪರದ, ಕಲ್ಲುಕಂಬಗಳನ್ನು ಕೀಳಿಸಿದರು. ಕಂಬ ಕೊಳ್ಳುವವರನ್ನು ಹುಡುಕಿಕೊಟ್ಟದ್ದೂ ನಾನೇ.

ನೀರಿನ ಪಾಲು ಬರೆಸುವವರಿಗೆ ನಾನು ಹೇಳುವುದಿಷ್ಟೆ: ಹೇಗೆ ಎತ್ತುತ್ತೀರೆಂದು ಬರೆಸಬೇಡಿ, ಎಷ್ಟು ನೀರೆಂದು ಬರೆಸಿ. ಎಷ್ಟು ಬೇಗ ಹುಡುಕಿದರೂ ಕಾಗದದಲ್ಲಿ ಇರುವುದಷ್ಟೇ ಸಿಗುತ್ತದೆ.